ಮರಿಯ ಪ್ರವೇಶ ಮತ್ತು ಹಿಂಡಿನ ಅಂತಸ್ತು: ಬಂಧಿತ ತೋಳಗಳ ಅಧ್ಯಯನಗಳ ಒಂದು ವಿಮರ್ಶೆ

ಪ್ರಾಣಿವರ್ತನೆಯ ಪಾಠಗಳಲ್ಲಿ ತೋಳದ ಹಿಂಡು ಬಹುಕಾಲದಿಂದ ಒಂದು ಸಿದ್ಧ ನಿದರ್ಶನವಾಗಿದೆ. ಹಿಂಡಿಗೆ ಒಬ್ಬ ಒಡೆಯ. ಅವನ ಕೆಳಗೆ ಇನ್ನೊಬ್ಬ. ಎಲ್ಲಕ್ಕೂ ಕೆಳಗೆ ಎಲ್ಲರ ಹಲ್ಲಿಗೂ ಗುರಿಯಾಗುವ ಒಂದು ಬಡಪ್ರಾಣಿ. ಈ ಶ್ರೇಣಿ ಕಾದಾಟದಿಂದ ಹುಟ್ಟುತ್ತದೆ, ಭಯದಿಂದ ನಿಲ್ಲುತ್ತದೆ, ಒಡೆಯನ ಬಲ ಕುಂದಿದಾಗ ಮತ್ತೆ ಕಾದಾಟದಿಂದಲೇ ಬದಲಾಗುತ್ತದೆ ಎಂಬುದು ಆ ನಿದರ್ಶನದ ಸಾರಾಂಶ. ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರದಿಂದ ಬಂದ ‘ಆಲ್ಫಾ’ ಎಂಬ ಹೆಸರು ಪ್ರಾಣಿಶಾಸ್ತ್ರದ ಎಲ್ಲೆಯನ್ನು ದಾಟಿ, ನಾಯಿಗಳನ್ನು ಪಳಗಿಸುವವರ ಮತ್ತು ವ್ಯವಹಾರ ನಿರ್ವಾಹಕರ ಮಾತಿನಲ್ಲಿಯೂ ಸೇರಿಹೋಗಿದೆ. ಈ ಚಿತ್ರವನ್ನು ತಿದ್ದುವ ಪ್ರಯತ್ನಗಳೂ ಕಡಮೆಯಾಗಿಲ್ಲ. ಆದರೆ ಆ ತಿದ್ದುಪಡಿಯೂ ಈಚೆಗೆ ಒಂದು ಸಿದ್ಧವಾಕ್ಯವಾಗಿ ಪರಿಣಮಿಸುತ್ತಿದೆ: ಬಂಧನದಲ್ಲಿ ಕಂಡದ್ದು ಸುಳ್ಳು, ಕಾಡಿನಲ್ಲಿ ಕಂಡದ್ದು ನಿಜ. ಈ ಎರಡನೆಯ ವಾಕ್ಯವೂ ಮೊದಲನೆಯದರಷ್ಟೇ ಪರೀಕ್ಷೆಗೆ ಅರ್ಹವಾದುದೆಂಬುದು ನಮ್ಮ ಅಭಿಪ್ರಾಯ.

ಪ್ರಕೃತ ಲೇಖನದಲ್ಲಿ ನಾವು ಈ ವಾದವನ್ನು ಇಡಿಯಾಗಿ ಕೈಗೆತ್ತಿಕೊಳ್ಳದೆ ಒಂದು ಸಂದರ್ಭದ ಮೂಲಕ ಮಾತ್ರ ಪರಿಶೀಲಿಸಲು ಬಯಸುತ್ತೇವೆ. ಬಂಧನದಲ್ಲಿರುವ ವಯಸ್ಕ ತೋಳಗಳ ಹಿಂಡಿಗೆ ಹೊರಗಿನಿಂದ ತಂದ ಮರಿಗಳು ಸೇರುವುದೇ ಆ ಸಂದರ್ಭ. ಇದನ್ನು ಆರಿಸಿಕೊಂಡುದಕ್ಕೆ ಕಾರಣಗಳಿವೆ. ಹೀಗೆ ಬರುವ ಮರಿ ಯಾರೊಡನೆಯೂ ಕಾದಾಡಿಲ್ಲ. ಆದುದರಿಂದ ಅದು ಗೆದ್ದುಕೊಂಡ ಅಂತಸ್ತೂ ಇಲ್ಲ, ಸೋತು ಇಳಿದ ಅಂತಸ್ತೂ ಇಲ್ಲ. ಅನೇಕ ಕಡೆ ಅದಕ್ಕೆ ಹಿಂಡಿನಲ್ಲಿ ರಕ್ತಸಂಬಂಧಿಗಳೂ ಇರುವುದಿಲ್ಲ. ಮೇಲಾಗಿ ಬಂದವರೂ ಬರಮಾಡಿಕೊಳ್ಳುವವರೂ ಆ ಸ್ಥಳವನ್ನು ಬಿಟ್ಟು ಹೋಗುವಂತಿಲ್ಲ. ಹಿಂಡಿನ ಬಾಳ್ವೆಗೆ ಆಧಾರ ಯಾವುದು ಎಂಬ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ಸ್ಪಷ್ಟವಾದ ಸನ್ನಿವೇಶ ದೊರೆಯುವುದು ಕಷ್ಟ.

೧

ವಾದದ ಮೂಲಕ್ಕೆ ಹೋಗಬೇಕಾದರೆ ಒಂದೇ ದಶಕದಲ್ಲಿ ಪ್ರಕಟವಾದ ಎರಡು ಕೃತಿಗಳನ್ನು ಜೊತೆಯಾಗಿ ಇರಿಸಿಕೊಳ್ಳಬೇಕು. ಮೊದಲನೆಯದು ಅಡಾಲ್ಫ್ ಮ್ಯೂರಿಯವರು ೧೯೪೪ರಲ್ಲಿ ಪ್ರಕಟಿಸಿದ, ಅಲಾಸ್ಕದ ಮೌಂಟ್ ಮೆಕಿನ್ಲಿ ರಾಷ್ಟ್ರೀಯ ಉದ್ಯಾನದ ತೋಳಗಳನ್ನು ಕುರಿತ ಗ್ರಂಥ. ೧೯೩೯ರಿಂದ ೧೯೪೧ರವರೆಗೆ ನಡೆಸಿದ ಕ್ಷೇತ್ರಕಾರ್ಯ ಅದಕ್ಕೆ ಆಧಾರ. ಎರಡನೆಯದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಕುರಿತು ರುಡಾಲ್ಫ್ ಶೆಂಕೆಲ್ ಅವರು ೧೯೪೭ರಲ್ಲಿ ಪ್ರಕಟಿಸಿದ, ತೋಳಗಳ ಭಾವಾಭಿವ್ಯಕ್ತಿಯನ್ನು ವಿವರಿಸುವ ಪ್ರಬಂಧ.

ಮ್ಯೂರಿಯವರು ಬೆಟ್ಟದ ಇಳಿಜಾರಿನಲ್ಲಿ ಕುಳಿತು ಗುಹೆಯ ಬಾಯಿಯನ್ನು ದೂರದರ್ಶಕದಿಂದ ನೋಡಿದವರು. ಅವರು ಕಂಡದ್ದು ಒಂದು ತಂದೆ, ಒಂದು ತಾಯಿ, ಮರಿಗಳು ಮತ್ತು ಅವುಗಳೊಡನೆ ಬಾಳುತ್ತಿದ್ದ ಇನ್ನು ಕೆಲವು ವಯಸ್ಕ ತೋಳಗಳು. ತಾಯಿ ಬೇಟೆಗೆ ಹೋದಾಗ ಮತ್ತೊಂದು ಹೆಣ್ಣುತೋಳ ಗುಹೆಯ ಬಳಿ ಮರಿಗಳನ್ನು ಕಾಯುತ್ತಿದ್ದುದನ್ನು ಅವರು ದಾಖಲಿಸಿದ್ದಾರೆ. ಆ ಪ್ರಾಣಿಗಳು ತಮ್ಮ ತಮ್ಮಲ್ಲಿ ತೋರುತ್ತಿದ್ದ ಸ್ನೇಹವೇ ತಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಉಳಿಯಿತೆಂಬುದು ಅವರ ಅನುಭವದ ಸಾರ.

ಶೆಂಕೆಲ್ ಅವರು ನೋಡಿದ್ದು ಬೇರೆಯ ಸನ್ನಿವೇಶ. ಸುಮಾರು ೧೦ ಮೀಟರು ಅಗಲ, ೨೦ ಮೀಟರು ಉದ್ದದ ಆವರಣದಲ್ಲಿ ಹತ್ತರವರೆಗೆ ತೋಳಗಳು. ಕಾಡಿನಲ್ಲಿ ಒಂದು ಹಿಂಡಿನ ನೆಲೆ ಸಾಮಾನ್ಯವಾಗಿ ನೂರು ಚದರ ಕಿಲೋಮೀಟರನ್ನು ಮೀರುವುದುಂಟು ಎಂಬುದನ್ನು ನೆನೆದರೆ ಈ ಇನ್ನೂರು ಚದರ ಮೀಟರುಗಳ ಅರ್ಥ ತಿಳಿಯುತ್ತದೆ. ಅಲ್ಲಿ ಅವರು ಬಾಲ, ಕಿವಿ, ತುಟಿ, ಬೆನ್ನುಗೂದಲುಗಳ ಚಲನೆಗಳನ್ನು ಗುರುತಿಸಿದ ಸೂಕ್ಷ್ಮತೆ ಇಂದಿಗೂ ಆದರಣೀಯವಾದುದು. ಅದರ ಜೊತೆಗೆ ಗಂಡುಗಳಿಗೆ ಒಂದು, ಹೆಣ್ಣುಗಳಿಗೆ ಒಂದು ಎಂಬಂತೆ ಎರಡು ಅಂತಸ್ತಿನ ಸಾಲುಗಳನ್ನೂ, ಅವುಗಳ ತುದಿಯಲ್ಲಿರುವ ಜೋಡಿಯನ್ನೂ, ಆ ಸ್ಥಾನಕ್ಕಾಗಿ ನಡೆಯುವ ಸ್ಪರ್ಧೆಯನ್ನೂ ಅವರು ವಿವರಿಸಿದರು.

ಎರಡು ಕೃತಿಗಳಲ್ಲಿ ಲೋಕ ಎರಡನೆಯದನ್ನು ಹೆಚ್ಚಾಗಿ ಸ್ವೀಕರಿಸಿತು. ಅದಕ್ಕೆ ಕಾರಣ ಪ್ರಮಾಣದ ಬಲವಷ್ಟೇ ಆಗಿರಲಿಲ್ಲವೆಂದು ನಮಗೆ ತೋರುತ್ತದೆ. ಮೃಗಾಲಯದ ತೋಳ ಹಗಲಿನಲ್ಲಿ, ಹತ್ತಿರದಲ್ಲಿ, ದಿನವೂ ಕಾಣುತ್ತದೆ, ಎಣಿಕೆಗೆ ಒದಗುತ್ತದೆ. ಎಣಿಕೆಗೆ ಒದಗಿದುದು ವಿಜ್ಞಾನದಲ್ಲಿ ಬೇಗ ನಿಲ್ಲುತ್ತದೆ. ಅಷ್ಟರಿಂದಲೇ ಅದು ದೋಷವಾಗದು. ಎಣಿಕೆ ನಡೆದ ಸ್ಥಳವನ್ನು ಎಣಿಕೆಯ ಫಲದಿಂದ ಬೇರ್ಪಡಿಸಿ, ಫಲವನ್ನು ಮಾತ್ರ ‘ತೋಳದ ಸ್ವಭಾವ’ ಎಂದು ಕರೆದಲ್ಲಿ ದೋಷ ತಲೆದೋರುತ್ತದೆ. ಡೇವಿಡ್ ಮೀಚ್ ಅವರು ೧೯೭೦ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದ ಮೂಲಕ ಈ ಪರಿಭಾಷೆ ಇಂಗ್ಲಿಷ್ ವಾಚಕರ ನಡುವೆ ಬಹಳ ದೂರ ಹರಡಿತು. ಮುಂದೆ ಆ ಪರಿಭಾಷೆಯ ವಿರುದ್ಧ ನಿಂತವರೂ ಅವರೇ ಎಂಬುದನ್ನು ಮುಂದೆ ನೋಡೋಣ.

೨

ಈಗ ಮರಿಯ ಪ್ರವೇಶದ ಕಡೆಗೆ ತಿರುಗಬಹುದು. ಅಮೆರಿಕದ ಇಂಡಿಯಾನ ರಾಜ್ಯದ ಬ್ಯಾಟಲ್ ಗ್ರೌಂಡ್‌ನಲ್ಲಿ ಎರಿಕ್ ಕ್ಲಿಂಗ್‌ಹ್ಯಾಮರ್ ಅವರು ೧೯೭೨ರಲ್ಲಿ ಸ್ಥಾಪಿಸಿದ ವುಲ್ಫ್ ಪಾರ್ಕ್, ಮಿನೆಸೋಟ ರಾಜ್ಯದ ಈಲಿ ಪಟ್ಟಣದಲ್ಲಿ ೧೯೯೩ರಲ್ಲಿ ತೆರೆದ ಅಂತರರಾಷ್ಟ್ರೀಯ ತೋಳ ಕೇಂದ್ರ, ಆಸ್ಟ್ರಿಯದಲ್ಲಿ ೨೦೦೮ರಲ್ಲಿ ಆರಂಭವಾಗಿ ಈಗ ಎರ್ನ್‌ಸ್ಟ್‌ಬ್ರುನ್‌ನಲ್ಲಿರುವ ತೋಳ ವಿಜ್ಞಾನ ಕೇಂದ್ರ, ಈ ಮೂರು ಕಡೆಗಳಲ್ಲಿಯೂ ಮರಿಗಳನ್ನು ಮನುಷ್ಯರು ಕೈಯಿಂದ ಸಾಕಿ ಅನಂತರ ವಯಸ್ಕ ತೋಳಗಳ ಜೊತೆ ಸೇರಿಸುವ ಪದ್ಧತಿ ಬೆಳೆದಿದೆ. ಈಲಿಯಲ್ಲಿ ೨೦೦೦ದಿಂದ ೨೦೧೬ರವರೆಗೆ ನಾಲ್ಕು ವರ್ಷಗಳಿಗೊಮ್ಮೆ ಹೊಸ ಮರಿಗಳನ್ನು ತರುವ ಕ್ರಮವಿತ್ತು. ಬೇರೆ ಬೇರೆ ವಯಸ್ಸಿನ ಪ್ರಾಣಿಗಳು ಕೂಡಿ ಬಾಳುವ ಹಿಂಡನ್ನು ರೂಪಿಸುವುದು ಇದರ ಉದ್ದೇಶ.

ಸಾಕಣೆ ಬಹಳ ಮುಂಚೆಯೇ ಆರಂಭವಾಗಬೇಕು. ತೋಳದ ಮರಿ ಕಣ್ಣು ತೆರೆಯುವುದು ಎರಡು ವಾರಗಳಷ್ಟರ ಪ್ರಾಯದಲ್ಲಿ; ಮೂರನೆಯ ವಾರದಿಂದಲೇ ಅದು ಗುಹೆಯ ಬಾಯಿಗೆ ಬಂದು ಹೊರಗನ್ನು ನೋಡತೊಡಗುತ್ತದೆ. ಮನುಷ್ಯನ ಭಯ ಬೇರೂರುವ ಮುನ್ನ, ಎಂದರೆ ಕಣ್ಣು ತೆರೆಯುವ ಹೊತ್ತಿಗೆ, ಸಾಕಣೆ ಮೊದಲಾಗದಿದ್ದರೆ ಮುಂದೆ ಆ ಭಯವನ್ನು ಕಳೆಯುವುದು ತಿಂಗಳುಗಳ ಶ್ರಮ. ಹೀಗೆ ಬೆಳೆದ ಮರಿಯನ್ನು ಮೊದಲು ಬೇಲಿಯ ಈಚೆಯಿಂದ ಹಿಂಡಿಗೆ ತೋರಿಸುತ್ತಾರೆ. ವಾಸನೆ, ದನಿ, ಆಕಾರಗಳು ಪರಸ್ಪರ ಪರಿಚಯವಾದ ಮೇಲೆ, ಮರಿಗೆ ಕೆಲವು ತಿಂಗಳು ತುಂಬಿದಾಗ ಬೇಲಿಯ ಬಾಗಿಲು ತೆರೆಯುತ್ತದೆ.

ಅಂತಸ್ತಿನ ಸಿದ್ಧಾಂತವನ್ನು ಅಕ್ಷರಶಃ ನಂಬಿದವರು ಈ ಗಳಿಗೆಯಲ್ಲಿ ಏನನ್ನು ನಿರೀಕ್ಷಿಸಬೇಕು? ಅಪರಿಚಿತ, ದುರ್ಬಲ, ಸಂಬಂಧವಿಲ್ಲದ ಪ್ರಾಣಿ. ಎಲ್ಲರಿಂದಲೂ ಪೆಟ್ಟು ತಿಂದು ಕೊನೆಯ ಮೆಟ್ಟಿಲಿನಲ್ಲಿ ನಿಲ್ಲಬೇಕಾದುದು ಅದೇ. ಆದರೆ ಸಾಮಾನ್ಯವಾಗಿ ಕಾಣುವ ದೃಶ್ಯ ಬೇರೆ. ಹಿರಿಯ ತೋಳ ಮರಿಯನ್ನು ಸಮೀಪಿಸಿ ಅದರ ತೊಡೆಸಂದನ್ನು ಮೂಸುತ್ತದೆ. ಮರಿ ಬೆನ್ನ ಮೇಲೆ ಉರುಳಿ, ಕಾಲುಗಳನ್ನು ಅಗಲಿಸಿ, ಕೆಲವೊಮ್ಮೆ ಮೂತ್ರ ಬಿಟ್ಟು ಸ್ತಬ್ಧವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಎದ್ದು, ಬಾಲವನ್ನು ತಗ್ಗಿಸಿ ಆಡಿಸುತ್ತ, ಹಿರಿಯದರ ಬಾಯಿಯ ಮೂಲೆಯನ್ನು ನೆಕ್ಕತೊಡಗುತ್ತದೆ. ಹಿರಿಯದು ಮೂತಿಯನ್ನು ಬಾಯಲ್ಲಿ ಹಿಡಿದು ಮರಿಯನ್ನು ನೆಲಕ್ಕೆ ಒತ್ತುವುದೂ ಉಂಟು; ನೋಡುವವರಿಗೆ ಎದೆ ನಡುಗಿದರೂ ಆ ಹಿಡಿತದಲ್ಲಿ ಹಲ್ಲು ಚರ್ಮವನ್ನು ಸಾಮಾನ್ಯವಾಗಿ ಸೀಳುವುದಿಲ್ಲ. ಎಷ್ಟೋ ವೇಳೆ ಮರಿ ನೆಕ್ಕಿದೊಡನೆ ಆ ವಯಸ್ಕ ಪ್ರಾಣಿ ತಾನು ತಿಂದ ಮಾಂಸವನ್ನೇ ಕಕ್ಕಿ ಅದರ ಮುಂದೆ ಹಾಕುತ್ತದೆ. ಎಂದೂ ಸಂತಾನವನ್ನು ಪಡೆಯದ ತೋಳವೂ ಹೀಗೆ ಮಾಡುವುದುಂಟು.

ಇದಕ್ಕೆ ದೇಹದೊಳಗೂ ಒಂದು ಸಿದ್ಧತೆಯಿದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಪ್ರಮಾಣ ತೋಳಗಳಲ್ಲಿ ಋತುವನ್ನು ಅನುಸರಿಸಿ ಬದಲಾಗುತ್ತದೆ. ಗಂಡು ಹೆಣ್ಣುಗಳೆಂಬ ಭೇದವಿಲ್ಲದೆ, ಮರಿ ಹಾಕಿದವು ಹಾಕದವು ಎಂಬ ಭೇದವೂ ಇಲ್ಲದೆ, ವಸಂತದ ಕೊನೆ ಮತ್ತು ಬೇಸಗೆಯಲ್ಲಿ ಅದು ಏರುತ್ತದೆ. ಮರಿಗಳು ಹುಟ್ಟಿ ಬೆಳೆಯುವ ಕಾಲಕ್ಕೆ ಇಡೀ ಹಿಂಡು ಪಾಲನೆಗೆ ಅಣಿಯಾಗಿರುತ್ತದೆ ಎಂದು ಅರ್ಥ. ಬೇಸಗೆಯಲ್ಲಿ ಮರಿಗಳನ್ನು ಸೇರಿಸುವವರು ತಿಳಿದೋ ತಿಳಿಯದೆಯೋ ಈ ಋತುವಿನ ನೆರವನ್ನು ಪಡೆಯುತ್ತಾರೆ. ಚಳಿಗಾಲದ ಮಿಲನಕಾಲ ಬಂದಾಗ ಅದೇ ಹಿಂಡಿನಲ್ಲಿ ಹಲ್ಲು ಕಿರಿಯುವುದು ಹೆಚ್ಚುತ್ತದೆ. ಆದಕಾರಣ ಯಾವ ತಿಂಗಳಲ್ಲಿ ನೋಡಿದೆವು ಎಂಬುದನ್ನು ಹೇಳದೆ ‘ಹಿಂಡು ಸೌಮ್ಯ’ ಎಂದಾಗಲಿ ‘ಹಿಂಡು ಕ್ರೂರ’ ಎಂದಾಗಲಿ ಹೇಳುವುದು ಅಪೂರ್ಣವಾದ ಮಾತು.

೩

ಮರಿಯ ಈ ಎರಡು ಭಂಗಿಗಳಿಗೆ ಶಾಸ್ತ್ರೀಯ ಹೆಸರುಗಳಿವೆ. ಬೆನ್ನ ಮೇಲೆ ಉರುಳುವುದು ನಿಷ್ಕ್ರಿಯ ವಿಧೇಯತೆ; ಬಾಯಿ ನೆಕ್ಕುವುದು ಸಕ್ರಿಯ ವಿಧೇಯತೆ. ಇವುಗಳನ್ನು ಬಿಡಿಸಿ ವಿವರಿಸಿದವರು ಬೇರೆ ಯಾರೂ ಅಲ್ಲ, ಬಾಸೆಲ್ಲಿನ ಶೆಂಕೆಲ್ ಅವರೇ. ೧೯೬೭ರಲ್ಲಿ, ಮೊದಲ ಪ್ರಬಂಧದ ಇಪ್ಪತ್ತು ವರ್ಷಗಳ ಬಳಿಕ, ತೋಳ ಮತ್ತು ನಾಯಿಗಳ ವಿಧೇಯತೆಯನ್ನು ಕುರಿತು ಅವರು ಬರೆದ ಲೇಖನವನ್ನು ನಮ್ಮ ವಿದ್ಯಾರ್ಥಿಗಳು ೧೯೪೭ರ ಪ್ರಬಂಧದಷ್ಟೇ ಅವಧಾನದಿಂದ ಓದಬೇಕು.

ಅದರಲ್ಲಿ ಅವರು ತೋರಿಸಿಕೊಡುವ ವಂಶಾವಳಿ ಇದು: ವಯಸ್ಕ ತೋಳ ಮತ್ತೊಂದರ ಬಾಯಿಯನ್ನು ನೆಕ್ಕುವ ನಡವಳಿಕೆಗೆ ಮೂಲ ಮರಿ ಆಹಾರಕ್ಕಾಗಿ ಮಾಡುವ ಯಾಚನೆ. ಬೆನ್ನ ಮೇಲೆ ಮಲಗುವುದಕ್ಕೆ ಮೂಲ ಎಳೆಯ ಮರಿಯನ್ನು ತಾಯಿ ನೆಕ್ಕಿ ಶುಚಿಗೊಳಿಸಿ ಮಲಮೂತ್ರ ವಿಸರ್ಜನೆಗೆ ಪ್ರೇರಿಸುವಾಗ ಅದು ತಾಳುವ ಭಂಗಿ. ಎರಡೂ ರಣರಂಗದಲ್ಲಿ ಹುಟ್ಟಿದವುಗಳಲ್ಲ. ಎರಡೂ ಗುಹೆಯೊಳಗೆ, ತಾಯಿಯ ಮಗ್ಗುಲಲ್ಲಿ ಹುಟ್ಟಿದವು. ವಿಧೇಯತೆಯನ್ನು ಸೋಲಿನ ಒಪ್ಪಿಗೆಯೆನ್ನದೆ, ಕೆಳಗಿರುವ ಪ್ರಾಣಿ ಸ್ನೇಹದಿಂದ ಗುಂಪಿನೊಳಗೆ ಸೇರಿಕೊಳ್ಳಲು ಮಾಡುವ ಪ್ರಯತ್ನವೆಂದೇ ಅವರು ನಿರೂಪಿಸಿದರು. ಕೊನ್ರಾಡ್ ಲೋರೆನ್ಸ್ ಅವರು ೧೯೪೯ರ ತಮ್ಮ ಜನಪ್ರಿಯ ಗ್ರಂಥದಲ್ಲಿ, ಸೋತ ತೋಳ ಗೆದ್ದ ತೋಳಕ್ಕೆ ಕತ್ತನ್ನು ಒಡ್ಡುತ್ತದೆ ಎಂದು ವರ್ಣಿಸಿದ್ದರು. ಆ ವ್ಯಾಖ್ಯಾನ ತಪ್ಪೆಂದು ಶೆಂಕೆಲ್ ಅವರು ಇದೇ ಲೇಖನದಲ್ಲಿ ವಾದಿಸಿದ್ದಾರೆ.

ಹೀಗಿರುವಲ್ಲಿ ಮರಿಯ ಪ್ರವೇಶದಲ್ಲಿ ನಾವು ಕಾಣುವುದು ಅಂತಸ್ತಿನ ನಿಯಮಕ್ಕೆ ಒಂದು ವಿನಾಯಿತಿಯೆಂದು ಹೇಳುವುದು ಕ್ರಮವನ್ನು ತಲೆಕೆಳಗು ಮಾಡಿದಂತೆ. ಮೊದಲು ಮರಿ ಮತ್ತು ಪಾಲಕರ ಸಂಬಂಧ. ಆ ಸಂಬಂಧದ ಭಾಷೆಯನ್ನೇ ವಯಸ್ಕ ತೋಳಗಳು ಎರವಲು ಪಡೆದು ಮೇಲುಕೀಳನ್ನು ಸೂಚಿಸುತ್ತವೆ. ಅಂತಸ್ತು ಕುಟುಂಬದಿಂದ ಬಂದ ಶಾಖೆ.

ಇಲ್ಲಿ ಕನ್ನಡದ ಪರಿಭಾಷೆಯ ಬಗೆಗೂ ಒಂದು ಮಾತನ್ನು ಹೇಳಬೇಕಾಗಿದೆ. ಈ ಭಂಗಿಯನ್ನು ‘ಶರಣಾಗತಿ’ ಎಂದು ಕರೆದೊಡನೆ ಅನೇಕರ ಮನಸ್ಸಿಗೆ ಆಯುಧವನ್ನು ಕೆಳಗಿಟ್ಟ ಸೈನಿಕನ ಚಿತ್ರ ಬರುತ್ತದೆ. ಆದರೆ ನಮ್ಮ ಪರಂಪರೆಯಲ್ಲಿ ಆ ಶಬ್ದಕ್ಕೆ ಅದೊಂದೇ ಅರ್ಥವಿಲ್ಲ. ಶ್ರೀವೈಷ್ಣವರು ಪ್ರಪತ್ತಿಯನ್ನು ವಿವರಿಸುವಾಗ ಮರ್ಕಟಕಿಶೋರ ನ್ಯಾಯ, ಮಾರ್ಜಾಲಕಿಶೋರ ನ್ಯಾಯ ಎಂಬ ಎರಡು ದೃಷ್ಟಾಂತಗಳನ್ನು ಹೇಳುತ್ತಾರೆ. ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಕೋತಿಯ ಮರಿ ಒಂದು. ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುವ ಬೆಕ್ಕಿನ ಮರಿ ಮತ್ತೊಂದು. ಸಕ್ರಿಯ, ನಿಷ್ಕ್ರಿಯ ಎಂಬ ಭೇದಕ್ಕೆ ಇವು ಸಮೀಪವಾದ ಉಪಮಾನಗಳೇ ಸರಿ. ಧರ್ಮಶಾಸ್ತ್ರದ ಮಾತನ್ನು ಪ್ರಾಣಿಶಾಸ್ತ್ರಕ್ಕೆ ಪ್ರಮಾಣವಾಗಿ ತರುವುದು ನಮ್ಮ ಉದ್ದೇಶವಲ್ಲ. ಪಾರಿಭಾಷಿಕ ಶಬ್ದವನ್ನು ಆರಿಸುವಾಗ ಕಾಳಗದ ಅರ್ಥವನ್ನು ಮಾತ್ರ ಮುಂದಿಟ್ಟರೆ ವಸ್ತುವಿನ ಅರ್ಧವನ್ನು ಕಳೆದುಕೊಳ್ಳುತ್ತೇವೆ ಎಂದಷ್ಟೇ ಸೂಚಿಸುತ್ತೇವೆ.

೪

ಇಷ್ಟನ್ನು ಒಪ್ಪಿದ ವಾಚಕರು, ಹಾಗಾದರೆ ಮೃಗಾಲಯದ ಕಾದಾಟಗಳೆಲ್ಲ ಭ್ರಮೆಯೇ ಎಂದು ಕೇಳಬಹುದು. ಅಂತಹ ಸುಲಭ ತೀರ್ಮಾನದ ವಿರುದ್ಧವೇ ನಮ್ಮ ಮುಖ್ಯ ಆಕ್ಷೇಪ.

ಮೀಚ್ ಅವರು ೧೯೮೬ರಿಂದ ಕೆನಡದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳನ್ನು ಸಮೀಪದಿಂದ ನೋಡುತ್ತ ಬಂದರು. ಹದಿಮೂರು ಬೇಸಗೆಗಳ ಅವಲೋಕನವನ್ನು ಆಧರಿಸಿ ೧೯೯೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸಹಜವಾದ ಹಿಂಡು ಸಾಮಾನ್ಯವಾಗಿ ತಂದೆತಾಯಿಗಳು ಮತ್ತು ಅವುಗಳ ಮಕ್ಕಳನ್ನೊಳಗೊಂಡ ಕುಟುಂಬವೆಂದೂ, ತಂದೆಯನ್ನು ‘ಆಲ್ಫಾ’ ಎಂದು ಕರೆಯುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲವೆಂದೂ ಅವರು ವಾದಿಸಿದರು. ತಮ್ಮ ೧೯೭೦ರ ಗ್ರಂಥವನ್ನು ಮುದ್ರಿಸುವುದನ್ನು ನಿಲ್ಲಿಸಬೇಕೆಂದು ಪ್ರಕಾಶಕರನ್ನು ಅನೇಕ ವರ್ಷ ಕೇಳಿಕೊಂಡರು. ೨೦೨೨ರಲ್ಲಿ ಅದು ನಿಂತಿತು. ತನ್ನ ಕೃತಿಗೆ ತಾನೇ ವಿಮರ್ಶಕನಾಗುವ ಇಂತಹ ಪ್ರಾಮಾಣಿಕತೆ ವಿದ್ವತ್ಪ್ರಪಂಚದಲ್ಲಿ ವಿರಳ.

ಆದರೂ ಕುಟುಂಬವೆಂದ ಮಾತ್ರಕ್ಕೆ ಮೇಲುಕೀಳು ಇಲ್ಲವೆಂದಾಗುವುದಿಲ್ಲ. ಬಂಧನದಲ್ಲಿದ್ದ, ಆದರೆ ಒಂದೇ ಕುಟುಂಬಕ್ಕೆ ಸೇರಿದ ಧ್ರುವಪ್ರದೇಶದ ತೋಳಗಳ ಹಿಂಡೊಂದನ್ನು ಕುರಿತು ಸಿಮೋನ ಕಫಾಟ್ಸೊ ಮತ್ತು ಸಂಗಡಿಗರು ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನ, ಅಲ್ಲಿಯೂ ವಯಸ್ಸನ್ನು ಅನುಸರಿಸುವ ಸ್ಪಷ್ಟವಾದ ಅಂತಸ್ತಿನ ಸಾಲನ್ನು ಕಂಡಿತು. ಕಾಡೂ ಸದಾ ಶಾಂತವಲ್ಲ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ೧೯೯೫ ಮತ್ತು ೧೯೯೬ರಲ್ಲಿ ತೋಳಗಳನ್ನು ಮರಳಿ ತಂದ ಬಳಿಕ ಬೆಳೆದ ‘ಡ್ರೂಯಿಡ್ ಪೀಕ್’ ಹಿಂಡಿನಲ್ಲಿ, ೪೦ ಎಂಬ ಸಂಖ್ಯೆಯ ಪ್ರಬಲ ಹೆಣ್ಣುತೋಳ ೨೦೦೦ದಲ್ಲಿ ತನ್ನ ಹಿಂಡಿನ ಹೆಣ್ಣುಗಳ ದಾಳಿಯಿಂದಲೇ ಸತ್ತಿತೆಂದು ಸಂಶೋಧಕರು ತೀರ್ಮಾನಿಸಿದರು. ಆದರೆ ಮುಂದೆ ನಡೆದುದನ್ನೂ ಹೇಳದೆ ಬಿಡಬಾರದು. ಸತ್ತ ತೋಳದ ಸೋದರಿ, ೪೨ನೆಯ ಸಂಖ್ಯೆಯದು, ತನ್ನ ಮರಿಗಳ ಜೊತೆಗೆ ಸೋದರಿಯ ಮರಿಗಳನ್ನೂ ಸೇರಿಸಿಕೊಂಡಿತು. ಮರುವರ್ಷ ಆ ಹಿಂಡಿನ ಸಂಖ್ಯೆ ೩೭ಕ್ಕೆ ಏರಿತು. ಹಗೆತನ ಮತ್ತು ಮರಿಗಳ ಪಾಲನೆ ಒಂದೇ ಹಿಂಡಿನಲ್ಲಿ, ಒಂದೇ ವಸಂತದಲ್ಲಿ, ಅಕ್ಕಪಕ್ಕದಲ್ಲಿಯೇ ಇದ್ದುವು.

ಹಾಗಾದರೆ ಬಂಧನ ಮತ್ತು ಕಾಡುಗಳ ನಡುವಣ ನಿಜವಾದ ವ್ಯತ್ಯಾಸ ಎಲ್ಲಿದೆ? ಸ್ವಭಾವದಲ್ಲಿ ಅದನ್ನು ಹುಡುಕುವುದಕ್ಕಿಂತ ನಿರ್ಗಮನದ ದಾರಿಯಲ್ಲಿ ಹುಡುಕುವುದು ಯುಕ್ತ. ಕಾಡಿನಲ್ಲಿ ಹುಟ್ಟಿದ ಮರಿ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷಗಳೊಳಗೆ ಹಿಂಡನ್ನು ಬಿಟ್ಟು, ಜೊತೆಯನ್ನೂ ನೆಲೆಯನ್ನೂ ಹುಡುಕಿಕೊಂಡು ಹೋಗುತ್ತದೆ. ಹೆಚ್ಚು ಕಡಮೆ ಎರಡು ವರ್ಷಕ್ಕೆ ಅದು ಸಂತಾನಶಕ್ತಿಯನ್ನು ಪಡೆಯುತ್ತದೆ. ಅದೇ ಕಾಲಕ್ಕೆ ಹೊರಡುವ ಪ್ರವೃತ್ತಿಯೂ ಬಲಿಯುತ್ತದೆ. ತಂದೆಯ ಬಲವನ್ನು ಪರೀಕ್ಷಿಸಬೇಕಾದ ಅಗತ್ಯವೇ ಅನೇಕ ವೇಳೆ ಬರುವುದಿಲ್ಲ. ಆವರಣದಲ್ಲಾದರೋ ಆ ಪ್ರವೃತ್ತಿ ಬೇಲಿಗೆ ತಾಗಿ ಹಿಂದಿರುಗುತ್ತದೆ. ಹೊರಗೆ ಹೋಗಬೇಕಾಗಿದ್ದ ಶಕ್ತಿ ಒಳಗೆ ತಿರುಗಿ ಹಿರಿಯರ ಮೇಲೆ ಬೀಳುತ್ತದೆ.

ಈಲಿಯಂತಹ ಕೇಂದ್ರದಲ್ಲಿ ಹಿಂಡಿನೊಡನೆ ಬಾಳಲಾರದ ವೃದ್ಧ ತೋಳಗಳಿಗೆ ‘ನಿವೃತ್ತಿ’ಯ ಆವರಣವೊಂದನ್ನು ಪ್ರತ್ಯೇಕವಾಗಿ ಏರ್ಪಡಿಸಿರುವುದರ ಅರ್ಥ ಇಲ್ಲಿದೆ. ಮರಿಯಾಗಿ ಬಂದು, ಬಾಯಿ ನೆಕ್ಕಿ, ಕಕ್ಕಿದ ಮಾಂಸವನ್ನು ತಿಂದು ಬೆಳೆದ ಪ್ರಾಣಿ, ಕೆಲವು ವರ್ಷಗಳ ಬಳಿಕ ತನ್ನನ್ನು ಬರಮಾಡಿಕೊಂಡ ಹಿರಿಯದನ್ನೇ ಮೂಲೆಗೆ ಒತ್ತಬಹುದು. ಕಾಡಿನಲ್ಲಿ ಸಾಮಾನ್ಯವಾಗಿ ಹೊರಡುವುದು ಕಿರಿಯದು; ಬೇಲಿಯೊಳಗೆ ಹೊರಡಿಸಬೇಕಾಗುವುದು ಹಿರಿಯದನ್ನು. ಬಂಧನ ಮಾಡುವ ಮುಖ್ಯವಾದ ಬದಲಾವಣೆ ಇದು. ಇದನ್ನು ಕಂಡು ತೋಳ ಕೃತಘ್ನವೆಂದು ಬಗೆಯುವುದು ಹೇಗೆ ತಪ್ಪೋ, ಇದು ಬರಿಯ ಕೃತಕ ದೃಶ್ಯವೆಂದು ತಳ್ಳಿಹಾಕುವುದೂ ಹಾಗೆಯೇ ತಪ್ಪು. ದಾರಿ ಮುಚ್ಚಿದಾಗ ಒಂದು ಕುಟುಂಬದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ಬಂಧಿತ ಹಿಂಡು ನಿಜವಾದ ಉತ್ತರವನ್ನೇ ಕೊಡುತ್ತದೆ. ಶೆಂಕೆಲ್ ಅವರ ಇನ್ನೂರು ಚದರ ಮೀಟರುಗಳು ಕೊಟ್ಟ ಉತ್ತರವೂ ಸುಳ್ಳಾಗಿರಲಿಲ್ಲ. ಕೇಳಿದ ಪ್ರಶ್ನೆ ಯಾವುದೆಂಬುದನ್ನು ಓದಿದವರು ಮರೆತರು.

೫

ಮೇಲಿನ ಪರಿಶೀಲನೆಯಿಂದ ಸಂಶೋಧಕರು ಪಾಲಿಸಬೇಕಾದ ಕೆಲವು ನಿಯಮಗಳು ತಾವಾಗಿ ಹೊರಡುತ್ತವೆ. ಬಂಧಿತ ಹಿಂಡನ್ನು ಕುರಿತ ಯಾವ ವರದಿಯಲ್ಲಿಯೇ ಆಗಲಿ ಆವರಣದ ವಿಸ್ತಾರ, ಪ್ರಾಣಿಗಳ ರಕ್ತಸಂಬಂಧ, ಅವುಗಳ ವಯಸ್ಸು, ಅವಲೋಕನೆಯ ತಿಂಗಳು, ಅವುಗಳನ್ನು ಸಾಕಿದ ಬಗೆ, ಇವಿಷ್ಟನ್ನು ಮೊದಲ ಪುಟದಲ್ಲಿಯೇ ಹೇಳಬೇಕು. ಸಂತಾನಶಕ್ತಿಯನ್ನು ಶಸ್ತ್ರಕ್ರಿಯೆಯಿಂದ ನಿಲ್ಲಿಸಲಾಗಿದೆಯೇ ಎಂಬುದನ್ನೂ ತಿಳಿಸಬೇಕು. ಮಿಲನಕಾಲದ ಸ್ಪರ್ಧೆಯ ಮಾತು ಅದನ್ನು ಅವಲಂಬಿಸಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಪ್ರಾಣಿಯನ್ನು ಯಾವಾಗ, ಏಕೆ ಹಿಂಡಿನಿಂದ ಹೊರತೆಗೆದರು ಎಂಬ ದಾಖಲೆ ಇರಬೇಕು. ಸೇರ್ಪಡೆಯ ದಿನ ಮರಿಯ ಚೆಲುವನ್ನು ನೋಡಲು ಜನ ನೆರೆಯುತ್ತಾರೆ. ಅದರ ಫಲ ತಿಳಿಯುವುದು ಮೂರು ನಾಲ್ಕು ಚಳಿಗಾಲಗಳ ಬಳಿಕ. ಆಗ ನೋಡುವವರು ವಿರಳ.

ಪಾಠ ಹೇಳುವವರಿಗೂ ಇದರಲ್ಲಿ ಒಂದು ಹೊಣೆಯಿದೆ. ‘ಆಲ್ಫಾ’ ಎಂಬ ಶಬ್ದವನ್ನು ತರಗತಿಯಿಂದ ಹೊರಗಟ್ಟುವುದು ಅನಾವಶ್ಯಕ. ಪರಸ್ಪರ ಸಂಬಂಧವಿಲ್ಲದ ವಯಸ್ಕ ಪ್ರಾಣಿಗಳನ್ನು ಕೂಡಿಹಾಕಿದ ಗುಂಪಿನಲ್ಲಿ, ಹಲವು ಹೆಣ್ಣುಗಳು ಮರಿ ಹಾಕುವ ದೊಡ್ಡ ಹಿಂಡಿನಲ್ಲಿ ಅದಕ್ಕೆ ಈಗಲೂ ಉಪಯೋಗವುಂಟು. ಆದರೆ ತಂದೆ ತಾಯಿ ಎಂಬ ಮಾತು ಸಾಕಾಗುವ ಕಡೆ ಅದನ್ನು ಬಳಸುವುದು ವ್ಯರ್ಥವಷ್ಟೇ ಅಲ್ಲ, ದಾರಿ ತಪ್ಪಿಸುವುದೂ ಹೌದು. ನಾಯಿಯ ಮರಿಯನ್ನು ನೆಲಕ್ಕೆ ಒತ್ತಿ ಹಿಡಿದು ‘ಒಡೆಯನಾರೆಂದು ಕಲಿಸುವ’ ಪದ್ಧತಿ ಈ ತಪ್ಪುದಾರಿಯ ಒಂದು ಫಲ. ಮರಿಯ ಮೂತಿಯನ್ನು ಹಿಡಿದ ತೋಳ ಅದೇ ಬಾಯಿಂದ ಅದಕ್ಕೆ ಅನ್ನವನ್ನೂ ಕೊಡುತ್ತದೆ ಎಂಬ ಉತ್ತರಾರ್ಧವನ್ನು ಆ ಪದ್ಧತಿಯವರು ಓದಿರಲಿಲ್ಲ.

ಬೇಲಿಯ ಬಾಗಿಲು ತೆರೆದ ಗಳಿಗೆಯಲ್ಲಿ ಬಾಲ ತಗ್ಗಿಸಿ ಒಳಗೆ ಬರುವ ಮರಿ ಹಿಂಡಿನ ಕೊನೆಯ ಮೆಟ್ಟಿಲನ್ನು ಹುಡುಕುತ್ತ ಬರುವುದಿಲ್ಲ. ತನ್ನನ್ನು ಸಾಕುವ ಬಾಯನ್ನು ಹುಡುಕುತ್ತ ಬರುತ್ತದೆ. ಸಾಮಾನ್ಯವಾಗಿ ಅದು ದೊರೆಯುತ್ತದೆ. ಮುಂದೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲವೆಂಬುದು ಮಾತ್ರ ಮನುಷ್ಯನು ಸೇರಿಸಿದ ಸಂಗತಿ. ಅದರ ಪರಿಣಾಮವನ್ನು ತೋಳದ ಲೆಕ್ಕಕ್ಕೆ ಬರೆಯದೆ ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವೆಂದು ತಿಳಿಸಿ ಈ ವಿಮರ್ಶೆಯನ್ನು ಮುಗಿಸುತ್ತೇವೆ.